ಕಂಟೇನರ್ ಲೆಕ್ಕ ಮತ್ತು ನಮ್ಮ ದೊಡ್ಡಪ್ಪ

ತುಂಬಾ ದಿನಗಳಿಂದ ಇಲ್ಲಿ ಏನೂ ಬರೆದಿರಲಿಲ್ಲ. ವಿಷಯ ಇರಲಿಲ್ಲ ಅಂತಲ್ಲ, ಶುದ್ಧ ಸೋಮಾರಿತನ. ಆದರೆ ಕಳೆದ ಆರು ತಿಂಗಳಿಂದ ಒಂದು ವಿಷಯ ತಲೆಯಲ್ಲಿ ಕೊರೀತಾ ಇದೆ. ಬರೆದು ಹಾಕಿದರೆ ಸ್ವಲ್ಪ ಹಗುರ ಆಗಬಹುದು ಅಂತ ಇವತ್ತು ಕೂತಿದ್ದೇನೆ. ಲೇಖನ ಉದ್ದ ಇದೆ, ಚಾ ಮಾಡ್ಕೊಂಡು ಬಂದು ಓದಿ :)

ವಿಷಯ ಶುರುವಾಗಿದ್ದು ಊರಲ್ಲಿ, ಒಂದು ಮದುವೆ ಮನೆಯಲ್ಲಿ. ನಮ್ಮ ದೊಡ್ಡಪ್ಪ ಕುಂದಾಪುರದ ಕಡೆಯಿಂದ ಹುಡುಗನಾಗಿದ್ದಾಗಲೇ ಮುಂಬಯಿಗೆ ಹೋದವರು. ನಮ್ಮ ಕಡೆಯವರು ಮುಂಬಯಿಗೆ ಹೋದರು ಅಂದ್ರೆ ಹೋಟೆಲ್ಲಿಗೆ ಅಂತಲೇ ಎಲ್ಲರೂ ತಿಳ್ಕೊಳ್ಳೋದು. ಇವರು ಹೋಟೆಲ್ಲಿನಲ್ಲಿ ಎರಡು ವರ್ಷ ಇದ್ದು, ಆಮೇಲೆ ಡಾಕಿಗೆ ಸೇರಿದರು. ಅಲ್ಲಿಯವರು ಅದಕ್ಕೆ ‘ಗೋದಿ’ ಅಂತಾರೆ. ಹಡಗಿನ ಹೊಟ್ಟೆಗೆ ಇಳಿದು ಚೀಲ, ಪೆಟ್ಟಿಗೆ, ಡ್ರಮ್ಮು ಜೋಡಿಸೋ ಕೆಲಸ. ಈಗ ಎಂಬತ್ತರ ಹತ್ತಿರ ವಯಸ್ಸು.

ಊಟ ಆದಮೇಲೆ “ನಿಂದು ಆಫೀಸಲ್ಲಿ ಎಂಥ ಕೆಲಸ ಮಾರಾಯ?” ಅಂತ ಕೇಳಿದರು. ಬಂದರಿನ ಯಾರ್ಡಿನಲ್ಲಿ ಯಾವ ಕಂಟೇನರ್ ಎಲ್ಲಿ ಇಡಬೇಕು, ಯಾವುದನ್ನ ಮೊದಲು ಎತ್ತಬೇಕು ಅಂತ ಹೇಳೋ ಸಾಫ್ಟ್‌ವೇರ್ ಬರೀತೇವೆ ಅಂದೆ. ಅವರಿಗೆ ನಗು ಬಂತು. “ಅದನ್ನ ನಾವು ಕಣ್ಣಲ್ಲೇ ಮಾಡ್ತಿದ್ದೆವು. ಭಾರದ್ದು ಕೆಳಗೆ, ಮೊದಲು ಇಳಿಯೋದು ಮೇಲೆ. ಅದಕ್ಕೆ ಇಷ್ಟು ಜನ ಇಂಜಿನಿಯರ್ ಬೇಕಾ?” ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮ ಬಗ್ಗೆ ಯಾರಾದ್ರೂ ಬರೆದಿದ್ದಾರಾ, ನಿಮ್ಮ ಆ ಪುಸ್ತಕಗಳಲ್ಲಿ?” ಅಂತ ಕೇಳಿದರು.

ಗೊತ್ತಿಲ್ಲ ದೊಡ್ಡಪ್ಪ, ನೋಡಿ ಹೇಳ್ತೇನೆ ಅಂದೆ. ಆ ಮಾತು ಉಳಿಸಿಕೊಳ್ಳೋಕೆ ಆರು ತಿಂಗಳಿಂದ ರಾತ್ರಿ ಹೊತ್ತು ಕಂಟೇನರ್ ಸಾಗಣೆ ಬಗ್ಗೆ ವಿದ್ವಾಂಸರು ಬರೆದಿದ್ದನ್ನ ಹಳೆಯದರಿಂದ ಹೊಸದರವರೆಗೆ ಓದ್ತಾ ಬಂದೆ. ಓದಿ ಅನ್ನಿಸಿದ್ದು ಇದು: ಈ ಎಪ್ಪತ್ತು ವರ್ಷಗಳಲ್ಲಿ ಸಂಶೋಧನೆ ಬೆಳೆದಿದೆ, ನಿಜ. ಆದರೆ ಬೆಳೀತಾ ಬೆಳೀತಾ ಅದು ಎಣಿಸೋದನ್ನ ಬಿಟ್ಟ ಒಂದು ಸಂಗತಿ ಇದೆ. ಅದು ಮನುಷ್ಯ.

*

ತಮಾಷೆ ಅಂದ್ರೆ, ಮೊಟ್ಟಮೊದಲ ಅಧ್ಯಯನದಲ್ಲಿ ಮನುಷ್ಯರು ಇದ್ದರು! ಅದೂ ಕಂಟೇನರ್ ಹಡಗು ಹೊರಡೋದಕ್ಕೆ ಮೊದಲೇ.

1954ರ ಮಾರ್ಚಿನಲ್ಲಿ ‘ವಾರಿಯರ್’ ಅನ್ನೋ ಮಾಮೂಲಿ ಸರಕು ಹಡಗು ನ್ಯೂಯಾರ್ಕಿನ ಬ್ರೂಕ್ಲಿನ್‌ನಿಂದ ಜರ್ಮನಿಯ ಬ್ರೆಮರ್‌ಹಾವೆನ್‌ಗೆ ಹೋಯಿತು. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಕಡೆಯ ತಂಡವೊಂದು ಆ ಒಂದೇ ಒಂದು ಪ್ರಯಾಣವನ್ನು ಇಂಚಿಂಚು ಬಿಡದೆ ಲೆಕ್ಕ ಹಾಕಿತು. ಹಡಗಿನಲ್ಲಿದ್ದ ಸರಕು ಸುಮಾರು 5,000 ಟನ್. ಬಿಡಿ ಬಿಡಿ ನಗಗಳ ಲೆಕ್ಕದಲ್ಲಿ 1,94,582. ಚೀಲ, ರಟ್ಟಿನ ಡಬ್ಬ, ಡ್ರಮ್ಮು, ಮರದ ಪೆಟ್ಟಿಗೆ, ವಾಹನಗಳು... ಇವು ಬಂದಿದ್ದು 151 ಊರುಗಳಿಂದ. ಸಮುದ್ರ ದಾಟೋಕೆ ಹತ್ತೂವರೆ ದಿನ. ತುಂಬೋಕೆ ಆರು ದಿನ (ಅದರಲ್ಲಿ ಒಂದು ದಿನ ಮುಷ್ಕರ), ಅಲ್ಲಿ ಇಳಿಸೋಕೆ ಹಗಲೂ ರಾತ್ರಿ ದುಡಿದು ನಾಲ್ಕು ದಿನ. ಒಟ್ಟು ಖರ್ಚಿನಲ್ಲಿ ಸಮುದ್ರಯಾನದ ಪಾಲು 11.5 ಪರ್ಸೆಂಟ್ ಮಾತ್ರ. ಎರಡೂ ಬಂದರುಗಳಲ್ಲಿ ಸರಕು ಎತ್ತಿ ಇಳಿಸೋದಕ್ಕೆ 36.8 ಪರ್ಸೆಂಟ್.

ಇದನ್ನ ಓದುವಾಗ ನನಗೆ ದೊಡ್ಡಪ್ಪನ ಕೈಯಲ್ಲಿರೋ ಕಬ್ಬಿಣದ ಕೊಕ್ಕೆಯ ಗಾಯದ ಗುರುತು ನೆನಪಾಯಿತು. ಆ 36.8 ಅನ್ನೋ ಅಂಕಿ ಅಂದ್ರೆ ಅದೇ ತಾನೆ! ಹಡಗಿನ ವೇಗ ಹೆಚ್ಚಿಸಿ ಪ್ರಯೋಜನ ಇಲ್ಲ, ದುಡ್ಡು ಹೋಗ್ತಿರೋದು ದಡದಲ್ಲಿ, ಒಂದೊಂದೇ ನಗ ಮುಟ್ಟೋದರಲ್ಲಿ ಅಂತ ಆ ವರದಿ ತೋರಿಸಿಕೊಟ್ಟಿತು.

ಎರಡು ವರ್ಷ ಕಳೆದು, 1956ರ ಏಪ್ರಿಲ್ 26ರಂದು, ಲಾರಿ ಕಂಪನಿ ನಡೆಸುತ್ತಿದ್ದ ಮಾಲ್ಕಮ್ ಮೆಕ್ಲೀನ್ ‘ಐಡಿಯಲ್ ಎಕ್ಸ್’ ಅನ್ನೋ ಹಡಗಿನ ಮೇಲೆ 58 ಪೆಟ್ಟಿಗೆ ಇಟ್ಟು ನ್ಯೂವಾರ್ಕಿನಿಂದ ಹ್ಯೂಸ್ಟನ್‌ಗೆ ಕಳಿಸಿದ. ಬಿಡಿ ಸರಕು ತುಂಬೋಕೆ ಟನ್ನಿಗೆ 5.83 ಡಾಲರ್ ಆಗ್ತಿದ್ದ ಕಾಲದಲ್ಲಿ ಇದಕ್ಕೆ ತಗುಲಿದ್ದು 16 ಸೆಂಟಿಗೂ ಕಡಿಮೆ. ಈ ಕಥೆ ನಿಮ್ಮಲ್ಲಿ ತುಂಬಾ ಜನಕ್ಕೆ ಗೊತ್ತಿರಬಹುದು. ಮಾರ್ಕ್ ಲೆವಿನ್ಸನ್ 2006ರಲ್ಲಿ ಬರೆದ ‘ದಿ ಬಾಕ್ಸ್’ ಪುಸ್ತಕದಿಂದ ಅದು ಪ್ರಸಿದ್ಧವಾಯಿತು.

ಅಷ್ಟು ಪ್ರಸಿದ್ಧನಾಗದವನು ಫಾಸ್ಟರ್ ವೆಲ್ಡನ್. ಹವಾಯಿಗೆ ಹಡಗು ಓಡಿಸುತ್ತಿದ್ದ ಮ್ಯಾಟ್ಸನ್ ಕಂಪನಿ ಇವನನ್ನ ಕರೆತಂದು, ನಮಗೆ ಎಷ್ಟು ಉದ್ದದ ಪೆಟ್ಟಿಗೆ ಸರಿ ಅಂತ ಕೇಳಿತು. ಪೆಟ್ಟಿಗೆ ಚಿಕ್ಕದಾದರೆ ಕ್ರೇನು ಹೆಚ್ಚು ಸಲ ಎತ್ತಬೇಕು, ದೊಡ್ಡದಾದರೆ ಅರ್ಧ ಖಾಲಿ ಹೋಗುತ್ತೆ. ಲೆಕ್ಕ ಹಾಕಿ 20ರಿಂದ 25 ಅಡಿ ಸರಿ ಅಂದ. ಕಂಪನಿ 24 ಅಡಿಯದ್ದನ್ನ ಆರಿಸಿಕೊಂಡಿತು. 1958ರಲ್ಲಿ ಅವನು ಅದನ್ನ ‘ಆಪರೇಷನ್ಸ್ ರಿಸರ್ಚ್’ ಅನ್ನೋ ಪತ್ರಿಕೆಯಲ್ಲಿ ಪ್ರಬಂಧವಾಗಿ ಬರೆದ. ನನ್ನ ಪ್ರಕಾರ ನನ್ನ ಉದ್ಯೋಗದ ಮುತ್ತಜ್ಜ ಇವನೇ. ಕಂಪನಿ ಒಂದು ಪ್ರಶ್ನೆ ಕೇಳೋದು, ಲೆಕ್ಕದವನು ಉತ್ತರ ಕೊಡೋದು. ಆ ಪದ್ಧತಿ ಇವತ್ತಿಗೂ ಹಾಗೇ ನಡೀತಾ ಇದೆ.

*

ಅರವತ್ತರ ದಶಕದಲ್ಲಿ ಕಾರ್ಮಿಕ ಅರ್ಥಶಾಸ್ತ್ರದವರು ಬಂದರು. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ 1960ರಲ್ಲಿ ಡಾಕ್ ಕಾರ್ಮಿಕರ ಸಂಘಕ್ಕೂ ಮಾಲೀಕರಿಗೂ ಒಂದು ಒಪ್ಪಂದ ಆಯಿತು. ಯಂತ್ರ ತನ್ನಿ, ನಾವು ಅಡ್ಡಿ ಮಾಡೋಲ್ಲ, ಆದರೆ ಉಳಿತಾಯದಲ್ಲಿ ನಮಗೂ ಪಾಲು ಕೊಡಿ ಅಂತ. ಇದರ ಬಗ್ಗೆ ಪಾಲ್ ಹಾರ್ಟ್‌ಮನ್ 1969ರಲ್ಲಿ ಇಡೀ ಒಂದು ಪುಸ್ತಕ ಬರೆದ. ಒಬ್ಬ ಮನುಷ್ಯನ ಒಂದು ಗಂಟೆಯಲ್ಲಿ ಎಷ್ಟು ಟನ್, ಅದರಲ್ಲಿ ಅವನಿಗೆ ಸಿಕ್ಕಿದ್ದೆಷ್ಟು ಅಂತ. ದೊಡ್ಡಪ್ಪ ಕೇಳಿದ ಪ್ರಶ್ನೆಗೆ ಹತ್ತಿರದ ಉತ್ತರ ಸಿಕ್ಕಿದ್ದು ಇಲ್ಲೇ. ಊರು ಮಾತ್ರ ಸ್ಯಾನ್‌ಫ್ರಾನ್ಸಿಸ್ಕೋ, ಮುಂಬಯಿ ಅಲ್ಲ.

ಆಮೇಲೆ ಭೂಗೋಳದವರ ಕಾಲ. 1963ರಲ್ಲಿ ಜೇಮ್ಸ್ ಬರ್ಡ್ ಬ್ರಿಟನ್ನಿನ ಬಂದರುಗಳನ್ನ ನೋಡಿ, ಯಾವುದೇ ಬಂದರು ಊರೊಳಗಿನ ಹಳೇ ಕಟ್ಟೆಯಿಂದ ಹೆಜ್ಜೆ ಹೆಜ್ಜೆಯಾಗಿ ಆಳದ ನೀರಿನ ಕಡೆಗೆ ಹೇಗೆ ಸರಿಯುತ್ತೆ ಅಂತ ಒಂದು ಮಾದರಿ ಮಾಡಿದ್ದ. ಕಂಟೇನರ್ ಬಂದಮೇಲೆ ಯೆಹುದಾ ಹಯೂತ್ 1981ರಲ್ಲಿ, ಸರಕೆಲ್ಲಾ ಕೆಲವೇ ದೊಡ್ಡ ಬಂದರುಗಳಲ್ಲಿ ಗುಡ್ಡೆ ಬೀಳುತ್ತೆ, ಉಳಿದವು ಅದರ ಬಾಲಂಗೋಚಿ ಆಗುತ್ತವೆ ಅಂತ ಬರೆದ. 1993ರಲ್ಲಿ ಬ್ರಯನ್ ಸ್ಲ್ಯಾಕ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ದೊಡ್ಡ ಹಡಗು ಕಂಪನಿಗಳ ಆಟದಲ್ಲಿ ಬಂದರುಗಳು ಬರೀ ಕಾಲಾಳುಗಳು ಅಂದ. 2005ರಲ್ಲಿ ಥಿಯೋ ನೋಟ್ಟೆಬೂಮ್ ಮತ್ತು ಜಾನ್‌ಪಾಲ್ ರೋಡ್ರಿಗ್, ಬಂದರು ಈಗ ಸಮುದ್ರದ ಪಕ್ಕ ಮಾತ್ರ ಇಲ್ಲ, ಅದು ಒಳನಾಡಿನ ಡಿಪೋಗಳವರೆಗೆ ಹಬ್ಬಿದೆ ಅಂತ ಬರೆದರು.

ಇವನ್ನೆಲ್ಲಾ ಓದುವಾಗ ನಮ್ಮ ದೇಶವೇ ಕಣ್ಣ ಮುಂದೆ ಬರ್ತಿತ್ತು. 1973ರಲ್ಲಿ ‘ಪ್ರೆಸಿಡೆಂಟ್ ಟೈಲರ್’ ಅನ್ನೋ ಹಡಗು ಕೊಚ್ಚಿಗೆ ಕಂಟೇನರ್ ತಂದಿತು. ಸಮುದ್ರದ ಗಾಳಿಯೂ ತಾಗದ ನಮ್ಮ ಬೆಂಗಳೂರಿನಲ್ಲಿ 1981ರಲ್ಲೇ ದೇಶದ ಮೊದಲ ಒಳನಾಡು ಕಂಟೇನರ್ ಡಿಪೋ ಶುರುವಾಯಿತು. 1989ರಲ್ಲಿ ಮುಂಬಯಿ ಕೊಲ್ಲಿಯ ಆಚೆ ದಡದಲ್ಲಿ ನ್ಹಾವಾ ಶೇವಾ ಬಂದರು ಎದ್ದಿತು. ಬರ್ಡ್ ಹೇಳಿದ ಹಾಗೇ ಬಂದರು ಊರು ಬಿಟ್ಟು ಸರಿಯಿತು. ನಕ್ಷೆಯಲ್ಲಿ ಅದು ಒಂದು ಬಾಣದ ಗುರುತು. ಆ ಬಾಣದ ಈಚೆ ತುದಿಯಲ್ಲಿ ನಿಂತಿದ್ದವರು ನಮ್ಮ ದೊಡ್ಡಪ್ಪ ಮತ್ತವರ ಗ್ಯಾಂಗಿನವರು. ಕೆಲಸದ ಪಾಳಿಗಳು ಕಮ್ಮಿ ಆಗ್ತಾ ಬಂದು, ಕೊನೆಗೆ ದೊಡ್ಡಪ್ಪ ಸ್ವಯಂ ನಿವೃತ್ತಿ ತಗೊಂಡು ಊರಿಗೆ ಬಂದರು.

*

ಈಗ ನನ್ನ ಸ್ವಂತ ಕಸುಬಿನ ವಿಷಯ. ಇಲ್ಲಿ ನಾನೂ ಆರೋಪಿಯೇ.

ಎಂಬತ್ತರ ದಶಕದಿಂದ ಈಚೆಗೆ ಕಂಟೇನರ್ ಸಂಶೋಧನೆಯ ದೊಡ್ಡ ಪಾಲನ್ನ ಗಣಿತದವರು ತಗೊಂಡುಬಿಟ್ಟರು. ಡೇವಿಡ್ ರೋನೆನ್ 1983ರಲ್ಲಿ ಹಡಗಿನ ವೇಳಾಪಟ್ಟಿ, ಮಾರ್ಗ ಇವುಗಳ ಬಗ್ಗೆ ಬಂದಿದ್ದ ಕೆಲಸವನ್ನೆಲ್ಲಾ ಒಟ್ಟು ಮಾಡಿ ಒಂದು ಸಮೀಕ್ಷೆ ಬರೆದಾಗ ಇದ್ದ ಪ್ರಬಂಧಗಳು ಬೆರಳೆಣಿಕೆಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಇವತ್ತು ಒಬ್ಬ ಮನುಷ್ಯ ಜೀವಮಾನವಿಡೀ ಕೂತರೂ ಓದಿ ಮುಗಿಸೋಕಾಗಲ್ಲ.

ಸಮಸ್ಯೆಗಳು ನಿಜಕ್ಕೂ ಚೆನ್ನಾಗಿವೆ, ಸುಳ್ಳು ಹೇಳಲ್ಲ. ಒಂದು ಉದಾಹರಣೆ ನೋಡಿ. ಹಡಗಿನಲ್ಲಿ ಪೆಟ್ಟಿಗೆಗಳು ಒಂದರ ಮೇಲೊಂದು. ಕೊಲಂಬೊದಲ್ಲಿ ಇಳಿಯಬೇಕಾದ ಪೆಟ್ಟಿಗೆಯ ಮೇಲೆ ಸಿಂಗಾಪುರದ್ದು ಕೂತಿದ್ದರೆ, ಕೊಲಂಬೊದಲ್ಲಿ ಅದನ್ನ ಎತ್ತಿ ಪಕ್ಕಕ್ಕಿಟ್ಟು ಮತ್ತೆ ಒಳಗಿಡಬೇಕು. ದುಡ್ಡೂ ದಂಡ, ಹೊತ್ತೂ ದಂಡ. ಹಾಗಂತ ಬರೀ ಇಳಿಯೋ ಕ್ರಮ ನೋಡಿ ಇಟ್ಟರೆ ಭಾರದ ಪೆಟ್ಟಿಗೆ ಮೇಲೆ ಬಂದು ಹಡಗು ವಾಲುತ್ತೆ. ಇದಕ್ಕೆ ಅತ್ಯುತ್ತಮ ಜೋಡಣೆ ಹುಡುಕೋದು ಎಷ್ಟು ಕಷ್ಟ? 2000ದಲ್ಲಿ ಇಸ್ರೇಲಿನ ಅವ್ರಿಯೆಲ್, ಪೆನ್ ಮತ್ತು ಶ್ಪಿರರ್ ಇದು ಕಂಪ್ಯೂಟರ್ ವಿಜ್ಞಾನದ ಅತಿ ಕಠಿಣ ಸಮಸ್ಯೆಗಳ ಸಾಲಿಗೆ ಸೇರಿದ್ದು ಅಂತ ಸಾಧಿಸಿದರು. ಇದನ್ನ ದೊಡ್ಡಪ್ಪನಿಗೆ ಫೋನಿನಲ್ಲಿ ಹೇಳಿದೆ. “ಹಾಗಾದ್ರೆ ನಾವು ದಡ್ಡರಲ್ಲ ಅಂತ ಆಯ್ತಲ್ಲ!” ಅಂದರು. ಖುಷಿಯಾಗಿದ್ದರು.

ಇನ್ನೊಂದು ಕವಲು ಬಂದರುಗಳಿಗೆ ಅಂಕ ಕೊಡೋದು. ಯಾವ ಬಂದರು ಎಷ್ಟು ದಕ್ಷ ಅಂತ. ಒಳಗೆ ಹಾಕಿದ್ದೆಷ್ಟು, ಹೊರಗೆ ಬಂದಿದ್ದೆಷ್ಟು ಅಂತ ಹೋಲಿಸೋ ಒಂದು ವಿಧಾನ ಇದೆ, ಡಿಇಎ ಅಂತಾರೆ. 1993ರಲ್ಲಿ ರೋಲ್ ಮತ್ತು ಹಯೂತ್ (ಮೇಲೆ ಹೇಳಿದ ಅದೇ ಹಯೂತ್) ಇದನ್ನ ಮೊದಲು ಬಂದರುಗಳಿಗೆ ಹಚ್ಚಿ ನೋಡಿದರು. ನಿಜವಾದ ಅಂಕಿಅಂಶ ಬಳಸಿರಲಿಲ್ಲ, ಕಾಲ್ಪನಿಕ ಬಂದರುಗಳು. ಆದರೆ ‘ಒಳಗೆ ಹಾಕಿದ್ದು’ ಅನ್ನೋ ಪಟ್ಟಿಯಲ್ಲಿ ಅವರು ಬಂಡವಾಳದ ಜೊತೆಗೆ ಕಾರ್ಮಿಕರನ್ನೂ ಬರೆದಿದ್ದರು.

ಮುಂದೆ ನಿಜವಾದ ಟರ್ಮಿನಲ್‌ಗಳನ್ನ ಅಳೆಯೋಕೆ ಹೊರಟಾಗ ಒಂದು ತೊಂದರೆ ಬಂತು. ಕ್ರೇನು ಎಷ್ಟು, ದಕ್ಕೆಯ ಉದ್ದ ಎಷ್ಟು ಅಂತ ಕೈಪಿಡಿಗಳಲ್ಲಿ ಸಿಗುತ್ತೆ. ಎಷ್ಟು ಜನ ಕೆಲಸ ಮಾಡ್ತಾರೆ ಅನ್ನೋದು ಸಿಗೋಲ್ಲ. ಕಂಪನಿಗಳು ಹೇಳೋಲ್ಲ, ಗುತ್ತಿಗೆಯವರ ಲೆಕ್ಕ ಯಾರ ಹತ್ತಿರವೂ ಇಲ್ಲ. 2000ದಲ್ಲಿ ನೋಟ್ಟೆಬೂಮ್ ಮತ್ತು ಅವರ ಇಬ್ಬರು ಜೊತೆಗಾರರ ಪ್ರಬಂಧ ಇದಕ್ಕೊಂದು ದಾರಿ ತೋರಿಸಿತು. ಟರ್ಮಿನಲ್‌ಗಳಲ್ಲಿ ಕ್ರೇನುಗಳ ಸಂಖ್ಯೆಗೂ ಕಾರ್ಮಿಕರ ಸಂಖ್ಯೆಗೂ ಸಾಕಷ್ಟು ಸ್ಥಿರವಾದ ಸಂಬಂಧ ಇದೆ, ಹಾಗಾಗಿ ಕ್ರೇನು ಎಣಿಸಿದರೆ ಸಾಕು ಅಂತ. ಆಮೇಲೆ ಬಂದ ಎಷ್ಟೋ ಪ್ರಬಂಧಗಳು ಇದನ್ನೇ ಉಲ್ಲೇಖಿಸಿ ಕಾರ್ಮಿಕರ ಕಾಲಮ್ಮನ್ನ ಕೈಬಿಟ್ಟವು.

ಆ ಸಾಲು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೈಯೋಕೆ ಅಲ್ಲ ಈ ಮಾತು. ಅವರ ಕಾಲಕ್ಕೆ, ಅವರು ನೋಡಿದ ಟರ್ಮಿನಲ್‌ಗಳಿಗೆ ಅದು ಸಮಂಜಸವಾದ ಊಹೆಯೇ ಇರಬಹುದು. ಅಂಕಿ ಸಿಗದಾಗ ನಾವೂ ಹೀಗೇ ಮಾಡೋದು. ಆದರೆ ಒಂದು ಕಡೆ ಹೊಂದಿದ್ದ ಊಹೆ ಎಲ್ಲಾ ಕಡೆ ಸವಲತ್ತಾಗಿಬಿಟ್ಟಿತು. ಒಂದು ಕ್ರೇನಿಗೆ ಎಷ್ಟು ಜನ, ಪಾಳಿ ಎಷ್ಟು ಗಂಟೆ, ಕಾಯಂ ಎಷ್ಟು, ಗುತ್ತಿಗೆ ಎಷ್ಟು ಅನ್ನೋದು ಆಂಟ್‌ವರ್ಪಿಗೂ ಮುಂಬಯಿಗೂ ಒಂದೇ ಹೇಗಾಗುತ್ತೆ? ಆಮೇಲೆ ಆಳಿಲ್ಲದೆ ಓಡೋ ಕ್ರೇನುಗಳೂ ಬಂದವು. ಡಾಕಿನಲ್ಲಿ ಕ್ರೇನು ಬಂದು ದೊಡ್ಡಪ್ಪನ ಜಾಗ ತಗೊಂಡಿತು ಅನ್ನೋದು ಇತಿಹಾಸ. ಸಮೀಕರಣದಲ್ಲೂ ಅದೇ ಆಯಿತಲ್ಲ!

*

ಹಾಗಂತ ಎಲ್ಲಾ ಸಂಶೋಧನೆಯೂ ಹೀಗೇ ಅಂದರೆ ತಪ್ಪಾಗುತ್ತೆ.

ಅರ್ಥಶಾಸ್ತ್ರದವರು ತಡವಾಗಿ ಬಂದರೂ ಒಳ್ಳೇ ಪ್ರಶ್ನೆ ಕೇಳಿದರು. ಕಂಟೇನರ್‌ನಿಂದ ಹಡಗಿನ ಬಾಡಿಗೆ ಪಾತಾಳಕ್ಕಿಳಿಯಿತು ಅಂತ ನಾವೆಲ್ಲಾ ನಂಬಿದ್ದೆವು. ಡೇವಿಡ್ ಹಮ್ಮೆಲ್ಸ್ 2007ರಲ್ಲಿ ಅಂಕಿ ತೆಗೆದು, ಸಮುದ್ರದ ಬಾಡಿಗೆ ಅಷ್ಟೇನೂ ಇಳಿದಿಲ್ಲವಲ್ಲ ಅಂತ ತೋರಿಸಿದ. ಹಾಗಾದ್ರೆ ಲಾಭ ಎಲ್ಲಿ? ಹೊತ್ತಿನಲ್ಲಿ. 2013ರಲ್ಲಿ ಅವನೂ ಜಾರ್ಜ್ ಷೌರನೂ ಸೇರಿ, ಸರಕು ಒಂದು ದಿನ ತಡವಾದರೆ ಅದು 0.6ರಿಂದ 2.1 ಪರ್ಸೆಂಟ್ ತೆರಿಗೆ ಹಾಕಿದಷ್ಟು ಭಾರ ಅಂತ ಲೆಕ್ಕ ಹಾಕಿದರು. ಬರ್ನ್‌ಹೋಫೆನ್, ಎಲ್-ಸಾಹ್ಲಿ ಮತ್ತು ನೆಲ್ಲರ್ 2016ರಲ್ಲಿ, ಶ್ರೀಮಂತ ದೇಶಗಳ ನಡುವಿನ ವ್ಯಾಪಾರ ಬೆಳೆಯೋದರಲ್ಲಿ ಕಂಟೇನರ್‌ನ ಪಾತ್ರ ವ್ಯಾಪಾರ ಒಪ್ಪಂದಗಳಿಗಿಂತ ದೊಡ್ಡದು ಅಂದರು. ಡುಕ್ರುವೆ ಮತ್ತು ಜೊತೆಗಾರರು, ಕಂಟೇನರ್ ಬಂದರು ವಿಪರೀತ ಜಾಗ ನುಂಗುತ್ತೆ, ಆ ನೆಲದ ಬೆಲೆ ಊರಿನವರೇ ಕಟ್ಟಬೇಕು ಅನ್ನೋದನ್ನೂ ಲೆಕ್ಕಕ್ಕೆ ತಂದರು.

ಪರಿಸರದವರು ಇನ್ನೂ ತಡ. ಹಡಗಿನ ಹೊಗೆಯಿಂದ ವರ್ಷಕ್ಕೆ ಸುಮಾರು 60,000 ಜನ ಅಕಾಲದಲ್ಲಿ ಸಾಯುತ್ತಾರೆ ಅನ್ನೋ ಅಂದಾಜನ್ನ ಕಾರ್ಬೆಟ್ ಮತ್ತು ಸಂಗಡಿಗರು ಕೊಟ್ಟಿದ್ದು 2007ರಲ್ಲಿ. 2008ರ ನಂತರ ಎಣ್ಣೆ ದುಬಾರಿ, ಸರಕು ಕಮ್ಮಿ ಅಂತ ಕಂಪನಿಗಳು ಹಡಗನ್ನ ನಿಧಾನ ಓಡಿಸೋಕೆ ಶುರು ಮಾಡಿದವು. ಎಣ್ಣೆಯ ಖರ್ಚು ಹೆಚ್ಚುಕಮ್ಮಿ ವೇಗದ ಘನದ ಲೆಕ್ಕದಲ್ಲಿ ಏರುತ್ತೆ ನೋಡಿ, ಹಾಗಾಗಿ ವೇಗ ಸ್ವಲ್ಪ ಇಳಿಸಿದರೂ ಉಳಿತಾಯ ಜಾಸ್ತಿ. ಆಗ ಅದರ ಬಗ್ಗೆಯೂ ಪ್ರಬಂಧಗಳ ಸುರಿಮಳೆ. ಇಲ್ಲೂ ಅದೇ, ಕಂಪನಿಗೆ ದುಡ್ಡು ಉಳಿದಾಗ ವಿಷಯಕ್ಕೆ ಬೆಲೆ.

ಇನ್ನು ಮನುಷ್ಯರನ್ನೇ ನೋಡಿದವರೂ ಇದ್ದಾರೆ. ಬ್ರಿಟನ್ನಿನ ಕಾರ್ಡಿಫ್ ವಿಶ್ವವಿದ್ಯಾಲಯದಲ್ಲಿ 1995ರಿಂದ ನಾವಿಕರ ಬದುಕನ್ನೇ ಅಧ್ಯಯನ ಮಾಡೋ ಕೇಂದ್ರ ಇದೆ. ಅಲ್ಲಿಯ ಹೆಲೆನ್ ಸ್ಯಾಂಪ್ಸನ್ ಹಡಗಿನಲ್ಲೇ ಪ್ರಯಾಣ ಮಾಡಿ, ನಾವಿಕರ ಜೊತೆ ಉಂಡು, ಅವರ ಕಥೆ ಬರೆದವರು. ಡೆಬೊರಾ ಕೋವೆನ್ 2014ರಲ್ಲಿ ಈ ಸಾಗಣೆ ವಿದ್ಯೆಯ ಬೇರು ಯುದ್ಧದಲ್ಲಿದೆ ಅಂತ ಬರೆದರು. ತೊಂದರೆ ಏನಂದ್ರೆ, ಈ ಕಪಾಟಿನವರು ಆ ಕಪಾಟು ತೆಗೆಯೋಲ್ಲ. ನನ್ನ ಕಸುಬಿನ ಪ್ರಬಂಧಗಳ ಕೊನೆಯ ಉಲ್ಲೇಖ ಪಟ್ಟಿಗಳಲ್ಲಿ ನಾನು ಸ್ಯಾಂಪ್ಸನ್ ಹೆಸರು ಹುಡುಕಿ ಹುಡುಕಿ ಸುಸ್ತಾದೆ.

2021ರ ಮಾರ್ಚಿನಲ್ಲಿ ‘ಎವರ್ ಗಿವನ್’ ಸೂಯೆಜ್ ಕಾಲುವೆಗೆ ಅಡ್ಡ ಸಿಕ್ಕಿಕೊಂಡಾಗ ಇಡೀ ಜಗತ್ತು ಆರು ದಿನ ಕಂಟೇನರ್ ಹಡಗು ನೋಡಿತು. ಅದಕ್ಕೂ ಹಿಂದಿನ ವರ್ಷ ಕೊರೋನಾದಲ್ಲಿ ಸುಮಾರು ನಾಲ್ಕು ಲಕ್ಷ ನಾವಿಕರು ಮನೆಗೆ ಹೋಗೋಕಾಗದೆ ಹಡಗಿನಲ್ಲೇ ಉಳಿದಿದ್ದರು. ಅದನ್ನ ಎಷ್ಟು ಜನ ನೋಡಿದರು? ತೀರಾ ಹತ್ತಿರದ ಮಾತು ಹೇಳ್ತೇನೆ. 2025ರ ಜೂನ್ 9ರಂದು ಕೊಲಂಬೊದಿಂದ ನ್ಹಾವಾ ಶೇವಾಕ್ಕೆ ಹೊರಟಿದ್ದ ‘ವಾನ್ ಹಾಯ್ 503’ ಕೇರಳದ ಕರಾವಳಿಯಾಚೆ ಹೊತ್ತಿಕೊಂಡಿತು. 22 ಜನರಲ್ಲಿ 18 ಜನರನ್ನ ರಕ್ಷಿಸಿ ನಮ್ಮ ಮಂಗಳೂರಿಗೆ ಕರೆತಂದರು. ನಾಲ್ವರು ಕಾಣೆಯಾದರು. ಪೆಟ್ಟಿಗೆಯೊಳಗೆ ಏನಿತ್ತು, ಯಾವ ಪೆಟ್ಟಿಗೆ ಎಲ್ಲಿತ್ತು ಅನ್ನೋದರ ಮೇಲೆ ಅವರ ಜೀವ ನಿಂತಿತ್ತು. ಜೋಡಣೆಯ ಲೆಕ್ಕ ಅಂದ್ರೆ ಬರೀ ಕ್ರೇನಿನ ನಿಮಿಷಗಳಲ್ಲ ಅಂತ ನನಗೆ ಗಟ್ಟಿಯಾಗಿ ಅನ್ನಿಸಿದ್ದು ಅವತ್ತು.

*

ನಾನು ಕಂಟೇನರ್ ವಿರೋಧಿ ಅಂತ ದಯವಿಟ್ಟು ತಿಳ್ಕೋಬೇಡಿ. ದೊಡ್ಡಪ್ಪನೇ ಅಲ್ಲ. “ಆ ಕೆಲಸ ನನ್ನ ಮಕ್ಕಳು ಮಾಡಬಾರದು ಅಂತಲೇ ನಾನು ಮಾಡಿದ್ದು” ಅಂತಾರೆ. ಬೆನ್ನು ಮುರಿಯೋ ಚೀಲ, ಮೂಗಿಗೆ ಅಡರೋ ಸಿಮೆಂಟ್ ಧೂಳು, ಮೇಲಿಂದ ಜಾರೋ ಸರಕು. ಅದು ಹೋಗಿದ್ದು ಒಳ್ಳೇದೇ ಆಯಿತು. ನನ್ನ ತಕರಾರು ಇಷ್ಟೇ: ದಕ್ಷತೆ ಅಂತ ಅಂಕ ಕೊಡುವಾಗ ಯಾರ ದಕ್ಷತೆ, ಯಾರ ಲೆಕ್ಕದಲ್ಲಿ ಅಂತ ಬರೆಯಬೇಕು. ಅಂಕಿ ಸಿಗಲಿಲ್ಲ ಅನ್ನೋದು ಮನುಷ್ಯ ಇಲ್ಲ ಅನ್ನೋದಕ್ಕೆ ಸಮ ಅಲ್ಲ. 1954ರಲ್ಲಿ ಕಂಪ್ಯೂಟರ್ ಸಹಾಯ ಇಲ್ಲದೆ ಎರಡು ಲಕ್ಷ ನಗ ಎಣಿಸಿದವರಿಗೆ ಆಗಿದ್ದು, ಉಪಗ್ರಹದಿಂದ ಪ್ರತಿ ಹಡಗನ್ನೂ ನೋಡೋ ಈ ಕಾಲದಲ್ಲಿ ಯಾಕಾಗಲ್ಲ?

ಉಪದೇಶ ಮಾಡೋ ಮುಂಚೆ ನನ್ನ ಮನೆ ಗುಡಿಸಬೇಕಲ್ವಾ? ನಮ್ಮ ಸಾಫ್ಟ್‌ವೇರ್‌ನಲ್ಲಿ ಕ್ರೇನು ಗಂಟೆಗೆ ಎಷ್ಟು ಪೆಟ್ಟಿಗೆ ಎತ್ತಿತು ಅಂತ ದೊಡ್ಡ ಅಕ್ಷರದಲ್ಲಿ ಬರುತ್ತೆ. ಲಾರಿ ಡ್ರೈವರ್ ಗೇಟಿನ ಹೊರಗೆ ಎಷ್ಟು ಗಂಟೆ ಬಿಸಿಲಲ್ಲಿ ಕಾದ ಅನ್ನೋದು ಎಲ್ಲೂ ಬರೋಲ್ಲ. ಅದನ್ನೂ ಒಂದು ಕಾಲಮ್ಮು ಮಾಡೋಣ ಅಂತ ಮೀಟಿಂಗಿನಲ್ಲಿ ಹೇಳಿದೆ. ಗಿರಾಕಿ ಕೇಳಿಲ್ಲವಲ್ಲ ಅನ್ನೋ ಉತ್ತರ ಬಂತು. ನಾನು ಸುಮ್ಮನಾದೆ. ಸುಮ್ಮನಾಗಿದ್ದಕ್ಕೆ ಈಗಲೂ ಬೇಜಾರಿದೆ. ಮುಂದಿನ ಮೀಟಿಂಗಿನಲ್ಲಿ ಮತ್ತೆ ಕೇಳ್ತೇನೆ.

ದೊಡ್ಡಪ್ಪನಿಗೆ ಕೊನೆಗೆ ಏನು ಹೇಳಿದೆ ಅಂತ ಕೇಳ್ತೀರಾ? ಇದ್ದದ್ದನ್ನೇ ಹೇಳಿದೆ. “ಸ್ಯಾನ್‌ಫ್ರಾನ್ಸಿಸ್ಕೋದವರ ಬಗ್ಗೆ ಬರೆದಿದ್ದಾರೆ. ನಿಮ್ಮ ಗ್ಯಾಂಗಿನ ಬಗ್ಗೆ ನನಗೆ ಕನ್ನಡದಲ್ಲಿ ಏನೂ ಸಿಗಲಿಲ್ಲ.” ಅವರು “ಹೋಗ್ಲಿ ಬಿಡು, ನೀನೇ ಬರಿ” ಅಂದರು. ಈ ದೀಪಾವಳಿಗೆ ಊರಿಗೆ ಹೋದಾಗ ಒಂದು ನೋಟ್‌ಬುಕ್ಕು ಹಿಡ್ಕೊಂಡು ಅವರ ಮುಂದೆ ಕೂರ್ತೇನೆ. ಯಾವ ಸರಕನ್ನ ಹೇಗೆ ಇಡ್ತಿದ್ದರು, ಗ್ಯಾಂಗಿನಲ್ಲಿ ಎಷ್ಟು ಜನ, ಕೂಲಿ ಹೇಗೆ ಲೆಕ್ಕ, ಯಾರಿಗೆ ಏನಾಯಿತು, ಎಲ್ಲಾ ಬರ್ಕೊಳ್ತೇನೆ.

ನಿಮ್ಮ ಮನೆಯಲ್ಲೂ ಮಂಗಳೂರು ಬಂದರಿನಲ್ಲೋ, ಮುಂಬಯಿ ಡಾಕಿನಲ್ಲೋ, ಹಡಗಿನಲ್ಲೋ ದುಡಿದ ಅಜ್ಜ, ಮಾವ, ಅಣ್ಣ ಇದ್ದರೆ ದಯವಿಟ್ಟು ನೀವೂ ಕೇಳಿ ಬರೆಯಿರಿ. ನಿಮ್ಮ ಬ್ಲಾಗಿನಲ್ಲೇ ಹಾಕಿ, ಕೊಂಡಿ ಇಲ್ಲಿ ಕಾಮೆಂಟಿನಲ್ಲಿ ಕೊಡಿ. ಮುಂದೆ ಯಾವನೋ ಸಂಶೋಧಕ ಅಂಕಿ ಸಿಗಲಿಲ್ಲ ಅಂತ ಬರೆಯೋ ಮುಂಚೆ ಅವನಿಗೆ ತೋರಿಸೋಕೆ ನಮ್ಮ ಹತ್ತಿರ ಏನಾದ್ರೂ ಇರಲಿ.

ಏನಂತೀರಿ?